ತಂಗಿಯ ಸರದಿ

ನುಂಗಿ, ಎಂಜಲು ನುಂಗಿ, ಇನ್ನೊಂದ್ಸಲ — ಈ ಡಾಕ್ಟರಮ್ಮನ ಬೆರಳು ಎಷ್ಟು ತಣ್ಣಗಿದೆ, ನನ್ನ ಗಂಟಲಿನ ಗಂಟಿನ ಮೇಲೆ ಬಂದು ನಿಂತೇಬಿಟ್ಟಿದೆ, ಇದನ್ನು ಮೊದಲು ಕಂಡದ್ದು ನಾನೇ ತಾಯಿ, ಊರವರ ಕತ್ತಿನ ಅಳತೆ ತೆಗೆಯುವ ಟೈಲರು ನಾನು, ಕೊರಳಿಗೆ ಹಾಕಿಕೊಂಡ ಟೇಪು ಒಂದು ದಿನ ಒಂದು ಕಡೆ ಉಬ್ಬಿ ಕೂತಿತು. ಚಿಕ್ಕವರಿದ್ದಾಗ ತಲೆಗೆ ಎಕ್ಸ್‌ರೇ ಕೊಟ್ಟಿದ್ರಾ? ಕೊಟ್ಟಿದ್ದರು, ಹುಳುಕಡ್ಡಿಗೆ! ಯಾರೂ ಸಾಯದ ಕಾಯಿಲೆಗೆ, ದೊಡ್ಡವರಾಗುತ್ತ ಎಷ್ಟೋ ಮಕ್ಕಳಲ್ಲಿ ತಾನೇ ಹೋಗಿಬಿಡುವ ಕಜ್ಜಿಗೆ! ಶಾಲೆಯ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರು, ತಲೆ ಬೋಳಿಸಿದರು, ನೆತ್ತಿಯ ಮೇಲೆ ಕಿರಣ ಬೀಳಬೇಕಾದಲ್ಲಿ ನೀಲಿ ಪೆನ್ಸಿಲಿನಲ್ಲಿ ಐದು ಗುರುತು — ಬಟ್ಟೆಗೆ ಗುರುತು ಹಾಕುವಾಗ ನಾನಾದರೂ ಯಾರದಪ್ಪಾ ಇದು ಎಂದು ಚೀಟಿ ನೋಡುತ್ತೇನೆ, ಆ ಬಿಳಿಕೋಟಿನವನು ನೆತ್ತಿ ನೋಡಿದನೇ ಹೊರತು ಮುಖ ನೋಡಲಿಲ್ಲ, ಅವನ ಕೈಗೆ ಹುಳ ಬೀಳಲಿ. ಮನೆಯಲ್ಲಿ ಒಬ್ಬರಿಗಿದ್ದರೆ ಎಲ್ಲ ಮಕ್ಕಳಿಗೂ ಕೊಡಬೇಕಂತೆ, ತಂಗಿಯ ತಲೆಯಲ್ಲಿ ಒಂದು ಚುಕ್ಕೆ ಇರಲಿಲ್ಲ, ಆದರೂ ಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆಯೇ ಅವಳದು, ಚೀಟಿಗೆ ಮುದ್ರೆ ಬೀಳದೆ ಶಾಲೆಗೆ ಸೇರಿಸುವುದಿಲ್ಲ. ನಾನು ನನ್ನ ಸರದಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅವಳು ಅತ್ತು ಅತ್ತು ಬೆಂಚಿನ ಮೇಲೆ ನಿದ್ದೆಹೋಗಿದ್ದಳು, ಅಮ್ಮ ಒದ್ದೆ ಬಟ್ಟೆಯಲ್ಲಿ ನನ್ನ ಗುರುತು ಒರೆಸುತ್ತ ಕಿವಿಯಲ್ಲಿ, ಈ ಎಕ್ಸ್‌ರೇಗೆ ನಿನ್ ಕೂದ್ಲು ಹೇಗೂ ಉದುರತ್ತೆ ಕಣೇ, ಅವಳ ಹೆಸ್ರು ಕೂಗಿದ್ರೆ ನೀನೇ ಹೂಂ ಅನ್ನು, ಅವಳಿಗೆ ಮಾತ್ರ ಹೇಳ್ಬೇಡ. ಬೋಳಿಸಿದ ಎರಡು ತಲೆ, ಒಂದೇ ಎತ್ತರ, ಯಾರಿಗೆ ಗೊತ್ತಾಗಬೇಕು. ಅಮ್ಮನ ಮೇಲೂ ನನಗೆ ಸಿಟ್ಟೇ, ಆದರೆ ಅಮ್ಮನಿಗೆ ಯಾರು ತಿಳಿಸಿದ್ದರು, ಫೋಟೋ ತೆಗೆದ ಹಾಗಮ್ಮ, ಏನೂ ಆಗಲ್ಲ ಅಂದಿದ್ದರು.

ಏನೂ ಆಗಲ್ಲ! ನನ್ನ ಕೂದಲು ಮತ್ತೆ ಬರಲೇ ಇಲ್ಲ, ಐವತ್ತೆಂಟು ವರ್ಷದಿಂದ ತಲೆಗೆ ಬಟ್ಟೆ ಸುತ್ತಿಕೊಂಡೇ ಇದ್ದೇನೆ. ತಂಗಿಗೆ ಎಚ್ಚರವಾದಾಗ ಮುದ್ರೆ ಬಿದ್ದ ಚೀಟಿ ಕೈಯಲ್ಲಿತ್ತು, ನಿದ್ದೇಲೇ ಮುಗೀತು ಪುಟ್ಟಾ ಅಂದಳು ಅಮ್ಮ, ಅವಳು ನಂಬಿದಳು, ಮದುವೆಯಾದ ವರ್ಷ ಈ ಕಿರಣ ಹುಟ್ಟುವ ಮಕ್ಕಳಿಗೂ ತಟ್ಟೀತು ಅಂತ ಪೇಪರಿನಲ್ಲಿ ಓದಿ, ನಮಗೆ ಮಕ್ಕಳೇ ಬೇಡ ಅಂದುಬಿಟ್ಟಳು, ಆಗಲಾದರೂ ನಾನು ಬಾಯಿ ಬಿಡಬಾರದಿತ್ತೇ, ನಾಳೆ ಹೇಳೋಣ, ನಾಡಿದ್ದು ಹೇಳೋಣ, ಆ ಬಿಳಿಕೋಟಿನವರನ್ನು ಬೈಯುವ ಬಾಯಿಗೆ ಆವತ್ತು ಏನು ಬಡಿದಿತ್ತು. ಈಗ ಇಲ್ಲೇ ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಹಿಡಿದು ಕೂತಿದ್ದಾಳೆ. ದಾಖಲೇಲಿ ಒಂದೇ ಸಲ ಅಂತಿದೆ, ಸರಿಯಾಗಿ ನೆನಪಿಸ್ಕೊಂಡು ಹೇಳಿ, ಜಾಸ್ತಿ ಆಗಿದ್ರೆ ತಲೆ ಒಳಗೂ ನೋಡ್ಬೇಕಾಗತ್ತೆ, ಅನ್ನುತ್ತಾಳೆ ಡಾಕ್ಟರಮ್ಮ. ಒಂದೇ ಡಾಕ್ಟ್ರೇ, ನಮ್ಮಿಬ್ರಿಗೂ ಒಂದೊಂದ್ಸಲ, ಅನ್ನುತ್ತಾಳೆ ತಂಗಿ. ಅಲ್ಲ, ನನಗೆ ಎರಡು ಸಲ, ಇದು ನನ್ನ ಬಾಯಿಂದಲೇ ಬಂತೇ, ಎರಡನೇದು ಯಾವಾಗಕ್ಕಾ, ನಂಗೊತ್ತಿಲ್ದೆ ಯಾವಾಗ, ಅವತ್ತೇ ಕಣೇ, ನೀನು ಮಲಗಿದ್ದೆ, ನಿನ್ನ ಹೆಸರು ಕೂಗಿದರು, ನಾನು ಹೂಂ ಅಂದೆ, ಒಳಗೆ ಹೋಗಿ ಆ ಮೇಜಿನ ಮೇಲೆ ಮತ್ತೆ ಮಲಗಿದೆ, ಮೇಜು ಇನ್ನೂ ಬೆಚ್ಚಗಿತ್ತು, ನನ್ನದೇ ಮೈಬಿಸಿ, ಬೆಚ್ಚಗಿತ್ತು —