ಹಳಿಯ ಅಚ್ಚು

ಆಟಿಕೆ ರೈಲುಹಳಿಯ ನಾಲ್ಕನೆಯ ತುಂಡು ಅಚ್ಚಿನಿಂದ ಬಿಟ್ಟುಕೊಂಡು ಬಂದಾಗ ಹೇಮಂತ್ ಅಪ್ಪನ ಮುಖ ನೋಡಲಿಲ್ಲ, ಕೈ ನೋಡಿದ. ಬಲಗೈ ಮರದ ಆಸರೆಯ ಮೇಲೆ ಸುಮ್ಮನೆ ಕೂತಿತ್ತು. ಬೆಸುಗೆ ಕಡ್ಡಿಯ ತುದಿಯಿಂದ ಹೊಗೆ ನೇರವಾಗಿ ಏಳುತ್ತಿತ್ತು.

"ಅಳ್ದು ನೋಡು," ಎಂದ ಅಪ್ಪ.

ಹೇಮಂತ್ ಅಳೆದ. ಎರಡು ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರು. ಈ ತುದಿಯಲ್ಲೂ ಅಷ್ಟೇ, ಆ ತುದಿಯಲ್ಲೂ ಅಷ್ಟೇ. ಅಚ್ಚಿನಿಂದ ಬೇರೆ ಅಳತೆ ಬರುವುದು ಸಾಧ್ಯವೇ ಇರಲಿಲ್ಲ. ಆದರೂ ಅವನು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಪ್ರಾಕ್ಟಿಕಲ್ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕನಂತೆ ನೋಡಿದ.

"ಸರಿಯಾಗದೆ."

"ಕೂದ್ಲೆಳೆ ಏನಾರ ಎಚ್ಚುಕಮ್ಮಿ?"

"ಕೂದ್ಲೆಳೆನೂ ಇಲ್ಲ."

ಅಪ್ಪ ಐದನೆಯದಕ್ಕೆ ಹಳಿಯಡಿಯ ಸಣ್ಣ ಅಡ್ಡಪಟ್ಟಿಗಳನ್ನು, ಸ್ಲೀಪರ್‌ಗಳನ್ನು, ಜೋಡಿಸತೊಡಗಿದ.

ಅಚ್ಚು ಎಂಬುದು ಅಪ್ಪನ ಮಾತು. ಹೇಮಂತ್ ಪಾಂಡವಪುರದ ಡಿಪ್ಲೊಮಾ ಕಾಲೇಜಿನಲ್ಲಿ ಹುಡುಗರಿಗೆ ಕಲಿಸುವಾಗ ಅದನ್ನು ಜಿಗ್ ಎನ್ನುತ್ತಿದ್ದ. ಒಂದು ಗೇಣುದ್ದದ ತೇಗದ ದಿಮ್ಮಿ. ಅಡ್ಡಕ್ಕೆ ಇಪ್ಪತ್ತನಾಲ್ಕು ಸಣ್ಣ ಕಚ್ಚು. ಒಂದೊಂದರಲ್ಲೂ ಒಂದೊಂದು ಸ್ಲೀಪರ್ ಕೂರಬೇಕು. ಉದ್ದಕ್ಕೆ ಎರಡು ತೋಡು, ಅವುಗಳಲ್ಲಿ ಹಳಿ. ಮೇಲಿನಿಂದ ಅದುಮಿ ಹಿಡಿಯಲು ಹಿತ್ತಾಳೆಯ ಒತ್ತುಪಟ್ಟಿ, ಅದರ ಎರಡೂ ತುದಿಗೆ ಉದ್ದನೆಯ ತಿರುಪು. ಬೆಸುಗೆ ಹಾಕಿ, ತಿರುಪು ಸಡಿಲಿಸಿ ಎತ್ತಿದರೆ ರೈಲುಹಳಿಯ ಒಂದು ತುಂಡು ಸಿದ್ಧ. ಅಚ್ಚು ಮುಂದಿನ ತುಂಡಿಗೆ ಖಾಲಿ.

ಮೂರು ವರ್ಷದಿಂದ ಅವನು ಮಾಳಿಗೆಯ ಮೇಲೆ ಆಟಿಕೆಯಂಥ ಒಂದು ರೈಲುದಾರಿ ಹಾಕುತ್ತಿದ್ದ. ಮೂವತ್ತಾರು ವಯಸ್ಸಿನ, ಮದುವೆಯಾಗದ ಉಪನ್ಯಾಸಕ ಭಾನುವಾರಗಳಲ್ಲಿ ಏನು ಮಾಡುತ್ತಾನೆಂದು ಯಾರೂ ಕೇಳಿರಲಿಲ್ಲ. ಮೊದಲು ಒಂದೊಂದೇ ಸ್ಲೀಪರ್ ಅಂಟಿಸಿ ಕೈಯಲ್ಲೇ ಹಾಕಿದ. ಹಳಿ ಕುಡಿದವನ ಹೆಜ್ಜೆಯಂತೆ ಹೋಯಿತು. ಕಿತ್ತ. ಮತ್ತೆ ಹಾಕಿದ, ಮತ್ತೆ ಕಿತ್ತ. ಕೊನೆಗೆ ತನ್ನ ಕೈಯನ್ನು ನಂಬುವುದನ್ನು ಬಿಟ್ಟು ಜಿಗ್ ಮಾಡಲು ಕೂತ. ಆರು ಕೆಟ್ಟವು. ಇದು ಏಳನೆಯದು.

ಮಣಿಕಟ್ಟಿನ ಆಸರೆ, ಬೆಸುಗೆ ಕಡ್ಡಿ ಆಚೀಚೆ ಸರಿಯದಂತೆ ಎರಡು ಕಡೆ ಎಬ್ಬಿಸಿದ ತಡೆ, ಇವನ್ನೆಲ್ಲ ಅವನು ಆಮೇಲೆ ಸೇರಿಸಿದ್ದು. ಅಪ್ಪನಿಗಾಗಿ.

ಅಪ್ಪ ಸುಬ್ರಹ್ಮಣ್ಯಾಚಾರಿ ಐವತ್ತು ವರ್ಷ ಚಿನ್ನದ ಕೆಲಸ ಮಾಡಿದವನು. ಎಂಟು ತಿಂಗಳ ಹಿಂದೆ ಬಲಗೈ ನಡುಗಲು ಶುರುವಾಯಿತು. ಒಂದು ತಾಳಿಬೊಟ್ಟು ಸೊಟ್ಟಗಾಯಿತು. ಅಪ್ಪ ಅದನ್ನು ಅಲ್ಲೇ ಕರಗಿಸಿ, ಗಟ್ಟಿ ಮಾಡಿ, ಬಂದವರಿಗೆ ವಾಪಸು ಕೊಟ್ಟು, ಕುಲುಮೆಯ ಮುಂದಿನ ಮಣೆಯನ್ನು ಗೋಡೆಗೆ ಒರಗಿಸಿಟ್ಟ. ಶ್ರೀರಂಗಪಟ್ಟಣದ ಪೇಟೆಯಲ್ಲಿ ಈ ಸುದ್ದಿಗೆ ಯಾರೂ ಅಂಗಡಿ ಮುಚ್ಚಲಿಲ್ಲ.

ಚಿನಕುರಳಿಯ ಚಿಕ್ಕಮಾದಯ್ಯ ಮಾತ್ರ ಬಿಡಲಿಲ್ಲ. ಅವನ ಅವ್ವನ ತಾಳಿ, ಹೆಂಡತಿಯ ತಾಳಿ, ಮಗಳ ತಾಳಿ ಇದೇ ಮನೆಯಲ್ಲಿ ಆದದ್ದು. ಈಗ ಮೊಮ್ಮಗಳು ರಂಜಿತಳ ಮದುವೆ. ಫೋನು ಮಾಡಿದಾಗ ಅಪ್ಪ ಆಗಲ್ಲ ಎನ್ನಲಿಲ್ಲ. "ಬಾ, ನೋಡಾನ," ಎಂದ. ಎಂಟು ತಿಂಗಳಲ್ಲಿ ಅದು ಮೊದಲ 'ನೋಡಾನ.'

ಇವತ್ತು ಹನ್ನೊಂದಕ್ಕೆ ಬರುತ್ತಾನೆ.

ಕಾಲೇಜಿನ ಪ್ರದರ್ಶನಕ್ಕೆ ಹಳಿ ಬೇಕು, ತನಗೆ ಪುರುಸೊತ್ತಿಲ್ಲ ಎಂದು ಹೇಮಂತ್ ಸುಳ್ಳು ಹೇಳಿ ಬೆಳಿಗ್ಗೆಯೇ ಅಪ್ಪನನ್ನು ಕೂರಿಸಿದ್ದ. ಲೆಕ್ಕ ಸರಳವಾಗಿತ್ತು. ಹನ್ನೊಂದರ ಹೊತ್ತಿಗೆ ಕೈಗೆ ಧೈರ್ಯ ಬರಬೇಕು. ಕೈಗೆ ಬಂದರೆ ಅಪ್ಪನಿಗೆ ಬರುತ್ತದೆ. ಆಮೇಲೆ ತಾಳಿ.

ಅವ್ವ ಚೆಲುವಮ್ಮ ಅಡುಗೆಮನೆಯಿಂದ ಕೈಸನ್ನೆ ಮಾಡಿ ಕರೆದಳು.

"ಏನ್ಲಾ, ನಡುಗ್ತಾ ಅದಾ?"

"ಇಲ್ಲ ಕಣವ್ವ."

"ನಿಜ್ವಾಗ್ಲೂ?"

"ಮೆಲ್ಲುಕೆ ಮಾತಾಡು."

"ನಾನ್ ಮಾತೇ ಆಡಲ್ಲ ಬುಡು. ನೀನೂ ಬಾಯ್ ಮುಚ್ಕೊಂಡಿರು ಇವತ್ತೊಂದಿನ."

ಚಿಕ್ಕಮಾದಯ್ಯ ಹತ್ತೂಮುಕ್ಕಾಲಿಗೇ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸಾಲಾಗಿ ಇಟ್ಟಿದ್ದ ಹಳಿಯ ತುಂಡುಗಳನ್ನು ನೋಡಿ ನಿಂತ.

"ಇದೇನ್ ಆಚಾರ್ರೇ, ರೈಲ್ವೆ ಸೇರ್ಕಂಬುಟ್ರಾ?"

"ಊ ಕಣಯ್ಯ. ಪೆನ್ಸನ್ ಕೊಡ್ತಾರಂತೆ."

"ಅಂಗಾರೆ ನಮ್ಮೂರ್ಗೂ ಒಂದ್ ಲೈನ್ ಎಳ್ದ್‌ಬುಡಿ. ಬಸ್ಸಲ್ಲಿ ಕುಂತು ಕುಂತು ಸೊಂಟ ಬಿದ್ದೋಗದೆ."

ಅಪ್ಪ ನಕ್ಕ. ಹಲ್ಲು ಕಾಣುವಂತೆ ನಕ್ಕ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಚಿಕ್ಕಮಾದಯ್ಯ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಸತ್ತ ಹೆಂಡತಿಯ ಎರಡು ಓಲೆ, ಮುರಿದ ಒಂದು ಉಂಗುರ. ಅಪ್ಪ ಅವನ್ನು ಎಡಗೈಯಲ್ಲಿ ತೆಗೆದುಕೊಂಡು ಬಲಗೈಗೆ ದಾಟಿಸಿದ. ಬಲಗೈಯಲ್ಲಿ ಓಲೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಅಪ್ಪ ಕೈಯನ್ನು ಆಸರೆಯ ಮೇಲಿಟ್ಟ. ಸದ್ದು ನಿಂತಿತು.

"ಓಲೆ ನಾನೇ ಮಾಡಿದ್ದಲ್ವಾ?"

"ಇನ್ಯಾರು ಮಾಡ್ತಾರೆ?"

"ಧಾರೆ ಯಾವತ್ತು?"

"ಇನ್ನ ಇಪ್ಪತ್ ದಿನ ಅದೆ. ಪ್ಯಾಟೇಲಿ ತಕೊಳ್ಳಾನ ಅಂತಾಳೆ ರಂಜಿತ. ನಾನು ಅಂದೆ, ಆಚಾರ್ರು ಏನ್ ಯೋಳವ್ರೆ ಗೊತ್ತಾ, ಅಚ್ಚಲ್ಲಿ ಒತ್ತಿದ್ ತಾಳಿ ಯಾರ್ ಕತ್ಗಾದ್ರೂ ಆಯ್ತದೆ, ಕೈಲಿ ಬಡ್ದಿದ್ದು ನಿನ್ನೊಬ್ಳಿಗೇ."

ಅಪ್ಪ ತಲೆಯಾಡಿಸಿದ. ಅವನ ಕಣ್ಣು ಗೋಡೆಗೆ ಒರಗಿದ್ದ ಮಣೆಯ ಕಡೆ ಹೋಗಿ ಬಂದದ್ದನ್ನು ಹೇಮಂತ್ ನೋಡಿದ. ಇನ್ನೊಂದು ನಿಮಿಷ. ಒಂದೇ ಒಂದು ನಿಮಿಷ ಎಲ್ಲರೂ ಸುಮ್ಮನಿದ್ದಿದ್ದರೆ ಸಾಕಿತ್ತು.

ಚಿಕ್ಕಮಾದಯ್ಯ ಹಳಿಯ ತುಂಡೊಂದನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದ.

"ಕೈ ಸರಿಯಿಲ್ಲ ಅಂತಿದ್ರು ಜನ. ದಾರ ಇಟ್ಟಂಗದಲ್ಲ ಇದು! ಇಂಗ್ ಮಾಡಾಕೆ ಯಾವೋನ್ ಕೈಲಾಯ್ತದೆ, ಯೋಳಿ?"

"ಯಾರ್ ಕೈಲಾದ್ರೂ ಆಯ್ತದೆ," ಎಂದ ಹೇಮಂತ್.

ಹೇಳಿದ ಮೇಲೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ. ಅಚ್ಚನ್ನು ಚಿಕ್ಕಮಾದಯ್ಯನ ಮುಂದಕ್ಕೆ ತಿರುಗಿಸಿದ. "ಕೆಲ್ಸ ಎಲ್ಲ ಇದ್ರಲ್ಲಿರೋದು ಮಾದಯ್ನೋರೆ. ಕೈದೇನೂ ಇಲ್ಲ. ಬನ್ನಿ, ನೀವೇ ಮಾಡಿ ನೋಡಿ."

"ಅಯ್ಯೋ, ನೇಗ್ಲು ಹಿಡ್ದಿರೋ ಕೈ ಕಣಪ್ಪ."

"ಅದ್ಕೇ ಹೇಳಿದ್ದು, ಬನ್ನಿ."

ಅಪ್ಪ ಜಾಗ ಬಿಟ್ಟುಕೊಟ್ಟ. ಹಳಿ ತೋಡಿನಲ್ಲಿ ಕೂತಿತು, ಕಡ್ಡಿ ತಡೆಗಳ ನಡುವೆ ಇಳಿಯಿತು. ಚಿಕ್ಕಮಾದಯ್ಯ ನಾಲಿಗೆ ಕಚ್ಚಿಕೊಂಡು ಇಪ್ಪತ್ತು ನಿಮಿಷದಲ್ಲಿ ಒಂದು ತುಂಡು ಮುಗಿಸಿದ. ಹೇಮಂತ್ ಅಳೆದ. ಅಳೆಯಬೇಕಾಗಿರಲಿಲ್ಲ.

"ಹದಿನಾರೂವರೆ. ಕೂದ್ಲೆಳೆನೂ ವ್ಯತ್ಯಾಸ ಇಲ್ಲ."

ಚಿಕ್ಕಮಾದಯ್ಯ ತೊಡೆ ತಟ್ಟಿ ನಕ್ಕ. "ನೋಡಿ ಆಚಾರ್ರೇ, ನಾನೂ ಆಚಾರಿ ಆದೆ! ಲೇ ಹೇಮಂತಪ್ಪ, ತಾಳಿಗೂ ಇಂತದೇ ಒಂದ್ ಮಾಡ್ಕೊಡ್ಲಾ, ನಾನೇ ಒತ್ಕೋತೀನಿ. ನಿಂಗೂ ಒಂದ್ ಒತ್ಬುಡಾನ, ಎಷ್ಟ್ ವರ್ಸ ಇಂಗೇ ಇದ್ದೀಯೆ?"

ಹೇಮಂತ್ ಕೂಡ ನಕ್ಕ. ಅಪ್ಪ ಕರವಸ್ತ್ರದ ನಾಲ್ಕು ಮೂಲೆಗಳನ್ನು ಕೂಡಿಸಿ ಗಂಟು ಹಾಕಲು ನೋಡುತ್ತಿದ್ದ. ಬಲಗೈ ಕೇಳುತ್ತಿರಲಿಲ್ಲ. ಎರಡು ಸಲ ಮೂಲೆ ಜಾರಿತು. ಮೂರನೆಯ ಸಲ ಹಲ್ಲಿನಲ್ಲಿ ಕಚ್ಚಿ ಎಳೆದ.

"ಮೈಸೂರ್ಗೋಗು ಮಾದಯ್ಯ. ಅಲ್ಲಿ ಎಲ್ಲಾ ಸಿಕ್ತದೆ."

"ಯಾಕ್ರೀ, ತಮಾಸೆಗ್ ಅಂದೆ ನಾನು."

"ನೀನ್ ಅಂದಿದ್ದಕ್ಕಲ್ಲ ಬುಡು. ಊಟ ಮಾಡ್ಕೊಂಡ್ ಓಗು."

ಚಿಕ್ಕಮಾದಯ್ಯ ಊಟಕ್ಕೆ ನಿಲ್ಲಲಿಲ್ಲ. ಹೇಮಂತ್ ಅವನನ್ನು ಬಸ್ಟ್ಯಾಂಡಿನವರೆಗೆ ಕಳಿಸಲು ಹೋದ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಲ್ಲಿ ತಿರುವುತ್ತಿದ್ದ: ಒಂದು ವಾರ ಚಿನ್ನ ಇಲ್ಲೇ ಬಿಟ್ಟು ಹೋಗಿ. ಸಣ್ಣ ವಾಕ್ಯ. ಪಾಂಡವಪುರದ ಬಸ್ಸು ಬಂತು.

"ಬಿಸ್ಲು ಜಾಸ್ತಿ," ಎಂದ ಹೇಮಂತ್.

"ಊ. ನಿಮ್ಮಪ್ಪನ್ನ ಚೆನ್ನಾಗ್ ನೋಡ್ಕೋ," ಎಂದು ಚಿಕ್ಕಮಾದಯ್ಯ ಹತ್ತಿದ.

ಯಾರ ಕೈಲಾದರೂ ಎಂದದ್ದು ಬಾಯಿ ತಪ್ಪಿ ಬಂದ ಮಾತು ಎಂದುಕೊಳ್ಳಲು ಹೇಮಂತ್ ವಾಪಸು ಬರುವಾಗ ಪ್ರಯತ್ನಿಸಿದ. ಆಗಲಿಲ್ಲ. ಬಾಯಿ ತಪ್ಪಿರಲಿಲ್ಲ. ಚಿಕ್ಕಮಾದಯ್ಯ ತುಂಡನ್ನು ಎತ್ತಿ ಹೊಗಳಿದಾಗ ಎದೆಯೊಳಗೆ ಏನೋ ಚುಚ್ಚಿತ್ತು: ಅಚ್ಚು ಮಾಡಿದ್ದು ನಾನು. ಹತ್ತು ವರ್ಷದವನಿದ್ದಾಗ ಅವನು ಒಂದು ಬೆಳ್ಳಿ ಕಾಲುಂಗುರಕ್ಕೆ ಬೆಸುಗೆ ಹಾಕಿ ತೋರಿಸಿದ್ದ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ, "ನಿಂಗೆ ಕೈಯಿಲ್ಲ ಕಣ್ಲಾ. ಓದ್ಕೋ ಹೋಗು," ಎಂದಿದ್ದ. ಬೈದಿರಲಿಲ್ಲ. ಇವತ್ತು ಬಿಸಿಲು, ಇವತ್ತು ಭಾನುವಾರ ಎನ್ನುವ ಹಾಗೆ ಹೇಳಿದ್ದ. ಹೇಮಂತ್ ಓದಿಕೊಂಡ. ಚೆನ್ನಾಗಿಯೇ ಓದಿದ.

ಯಾರ ಕೈಲಾದರೂ ಆಗುತ್ತದೆ ಎಂದು ಹೇಳುವಾಗ ತನ್ನ ದನಿಯಲ್ಲಿ ಸಂತೋಷ ಇತ್ತು. ಅದು ಈಗಲೂ ಪೂರ್ತಿ ಹೋಗಿರಲಿಲ್ಲ. ಅದಕ್ಕೇ ಅವನಿಗೆ ಹೇಸಿಗೆಯಾಯಿತು.

ಮನೆಯಲ್ಲಿ ಚೆಲುವಮ್ಮ ಬಡಿಸಿದಳು.

"ಏನಂದೆ ನೀನು?"

"ಏನೂ ಅನ್ನಿಲ್ಲ."

"ಮತ್ಯಾಕೆ ಚಿನ್ನ ವಾಪಸ್ ತಕೊಂಡೋದ?"

"ಅರ್ಜೆಂಟಂತೆ ಅವ್ರಿಗೆ."

"ಇಪ್ಪತ್ ದಿನ ಅದೆ ಅಂದದ್ದು ನನ್ ಕಿವಿಗೆ ಬೀಳ್ನಿಲ್ವಾ?"

"ಸಾರು ಹಾಕವ್ವ."

ಅವಳು ಸಾರು ಹಾಕಿದಳು. ತಟ್ಟೆ ತುಂಬಿ ಅಂಚಿಗೆ ಬರುವವರೆಗೆ ಹಾಕಿದಳು. ಅಪ್ಪ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದ. ಉಂಡು, ಕೈ ತೊಳೆದು, "ನಿನ್ ಪ್ರದರ್ಸನಕ್ಕೆ ಇನ್ನ ಎಷ್ಟ್ ಬೇಕು?" ಎಂದು ಕೇಳಿದ.

"ಸಾಕಪ್ಪ. ಇಷ್ಟ್ ಸಾಕು."

"ಬೇಕಂದ್ರೆ ಯೋಳು. ಯಾರಾದ್ರೂ ಮಾಡ್ಬೋದಲ್ಲ."

ಕೊಂಕು ಇದೆಯೇ ಎಂದು ಹೇಮಂತ್ ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು.

ಅವನು ಮಾಳಿಗೆಗೆ ಹೋಗಿ ಮಲಗಿದ. ಎದ್ದಾಗ ಬಿಸಿಲು ಕಿಟಕಿಯಿಂದ ಇಳಿದಿತ್ತು. ಚೆಲುವಮ್ಮ ನಿಮಿಷಾಂಬೆಯ ಗುಡಿಗೆಂದು ಗಂಜಾಂಗೆ ಹೋಗಿದ್ದಳು. ಕ್ಷಮಿಸು ಎನ್ನುವ ಪದ ಈ ಮನೆಯಲ್ಲಿ ಯಾರೂ ಯಾರಿಗೂ ಆಡಿದ್ದು ಅವನಿಗೆ ನೆನಪಿರಲಿಲ್ಲ. ಇವತ್ತು ಆಡಿದರೆ ನಾಟಕದಂತೆ ಕೇಳಿಸುತ್ತದೆ. ಕಾಫಿ ಕಾಯಿಸಿ ಕೊಡಬಹುದು. ಅಷ್ಟನ್ನು ನಿರ್ಧರಿಸಿ ಅವನು ಮೆಟ್ಟಿಲಿಳಿದ. ಅರ್ಧದಲ್ಲಿ ನಿಂತ.

ಅಪ್ಪ ಅಚ್ಚಿನ ಮುಂದೆ ಬೆನ್ನು ಮಾಡಿ ಕೂತಿದ್ದ; ಮೆಟ್ಟಿಲ ಮೇಲಿನಿಂದ ಅವನ ಭುಜದಾಚೆ ಅಚ್ಚು ಕಾಣುತ್ತಿತ್ತು. ಕಡ್ಡಿ ಆರಿತ್ತು, ಹಳಿಗಳಿರಲಿಲ್ಲ. ಖಾಲಿ ಅಚ್ಚಿನ ಮೇಲೆ ಅಪ್ಪ ತನ್ನ ಬಲಗೈಯನ್ನು ಅಂಗೈ ಕೆಳಗಾಗಿ ಚಾಚಿ, ಬೆರಳುಗಳ ಮೇಲೆ ಒತ್ತುಪಟ್ಟಿ ಇಳಿಸಿ, ಎಡಗೈಯಿಂದ ತಿರುಪು ಬಿಗಿಯುತ್ತಿದ್ದ. ಒಂದು ಸುತ್ತು ಈ ತುದಿ. ಒಂದು ಸುತ್ತು ಆ ತುದಿ. ಎರಡೂ ಕಡೆ ಸಮನಾಗಿ, ಅವಸರವಿಲ್ಲದೆ, ಕೆಲಸ ಬಲ್ಲವನಂತೆ.

ಬೆರಳುಗಳ ನಡುಕ ನಿಂತಿತು.

ಅಪ್ಪ ತಲೆ ಬಗ್ಗಿಸಿ ಅವನ್ನು ನೋಡುತ್ತಾ ಕೂತ. ಹಿತ್ತಾಳೆಯ ಕೆಳಗೆ ಉಗುರುಗಳು ಬೆಳ್ಳಗಾಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಮೊಣಕೈ ಅದುರತೊಡಗಿತು. ಆಮೇಲೆ ಭುಜ. ಆಮೇಲೆ ಅಂಗಿಯೊಳಗಿನ ಬೆನ್ನಿಗೆಲ್ಲ ಹಬ್ಬಿ ಕತ್ತಿನವರೆಗೆ ಏರಿತು. ಅಪ್ಪ ಎಡಗೈ ಚಾಚಿ ತಿರುಪನ್ನು ಇನ್ನೂ ಅರ್ಧ ಸುತ್ತು ಬಿಗಿದ.