ಬೂದು ಬಿಲ್ಲೆ

ಕಂಡಕ್ಟರನ ಸೀಟಿ, ಬಸ್ಸು ಮತ್ತೆ ಹೊರಟಿತು, ಕಿಟಕಿಯ ಗಾಜು ಗಡಗಡ, ತಲೆ ಆನಿಸಿದರೆ ಹಲ್ಲೂ ಗಡಗಡ, ಆದರೂ ಫಾಹಿಮಾ ತಲೆ ತೆಗೆಯಲಿಲ್ಲ, ಅಷ್ಟು ಸುಸ್ತು — ಕುಣಿಯಬೇಕಾದ ದಿನವಲ್ಲವೇ ಇದು, ಮಿಜಾರಿನ ಲ್ಯಾಬಿನಲ್ಲಿ ಮೂರು ವರ್ಷ ಕಾದದ್ದು ಇವತ್ತು ಆಯಿತಲ್ಲ, ಸೆರಾಮಿಕ್ ಪುಡಿಯ ಬಿಲ್ಲೆಗೆ ಎರಡೂ ಕಡೆಯಿಂದ ಕರೆಂಟು ಕೊಟ್ಟು ಕಡಿಮೆ ಬಿಸಿಯಲ್ಲೇ ಕಲ್ಲಿನಷ್ಟು ಗಟ್ಟಿ ಮಾಡುವುದು, ಬೆಳ್ಳನೆಯ ಚೆಂದದ ಬಿಲ್ಲೆಗಳು ಎಂಟುನೂರು ಡಿಗ್ರಿಗೂ ಜಪ್ಪಯ್ಯ ಎಂದರೂ ಮಿಸುಕಲಿಲ್ಲ, ಹಾಳೆಂದು ಡಬ್ಬಿಗೆ ಹಾಕಿದ್ದ ಬೂದು ಬಣ್ಣದ್ದೊಂದನ್ನು, ಹೋದರೆ ಹೋಗಲಿ ಎಂದು ಇಟ್ಟರೆ, ನಾನೂರೈವತ್ತಕ್ಕೇ ಝಗ್ಗನೆ ಬೆಳಗಿ, ಎಣಿಸಿ ಹತ್ತು ಸೆಕೆಂಡು, ಗಟ್ಟಿ. ಗೈಡ್ ಧನರಾಜ್ ಸರ್ ನೆಲದ ಮೇಲಿರಲಿಲ್ಲ, ಬೂದು ಅಂದ್ರೆ ಒಳಗಿನ ಆಮ್ಲಜನಕ ಹೋಗಿ ಜಾಗ ಖಾಲಿ ಬಿದ್ದಿದೆ ಫಾಹಿಮಾ, ಆ ಊನವೇ ಕರೆಂಟಿಗೆ ದಾರಿ, ನಾವು ಬೇಕಂತಲೇ ಊನ ಮಾಡಿದ್ದು ಅಂತ ಪೇಪರಿನಲ್ಲಿ ಬರೆಯಿರಿ, ನಾಳೆಯೇ ಕಳಿಸುವ. ಬೇಕಂತಲೇ ಯಾರು ಮಾಡಿದ್ದು ಸರ್ ಎಂದು ಕೇಳಲು ಬಾಯಿ ಬರಲಿಲ್ಲ, ಮಾಡಿದ್ದು ಅಟೆಂಡರ್ ಕೂಸಪ್ಪ, ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಲ್ಯಾಬಿಗೆ ಬಂದವನು, ಕರೆಂಟು ಕೊಡುವ ಮೊದಲು ಒಂದು ಸಲ ಸುಡಲೆಂದು ಬಿಲ್ಲೆಗಳನ್ನು ಒಲೆಗಿಡುವಾಗ ಅವಳಿಗೆ ಹೇಳದೆ ತೆಂಗಿನ ಗೆರಟೆಯ ಮಸಿಪುಡಿ ಸುತ್ತ ತುಂಬಿ ಮುಚ್ಚಿದ್ದ, ಹಾಗೇ ಇಟ್ರೆ ಒಡೀತದೆ ಮೇಡಂ, ಮೂವತ್ತು ವರ್ಷ ಬೆಂಕಿ ನೋಡಿದವ ಅಲ್ವಾ ನಾನು, ನಿಮಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಮಾರಾಯ್ರೆ. ಆ ಮಸಿಯೇ ಆಮ್ಲಜನಕ ಎಳೆದುಕೊಂಡದ್ದು, ಅವಳಿಗೆ ಕಂಡದ್ದು ಬರೀ ಕೊಳೆ, ನಲವತ್ತು ಬಿಲ್ಲೆ ಹಾಳು ಮಾಡಿದ ಎಂದು ದೂರು ಬರೆದವಳು ಅವಳೇ, ನಾಳೆಯಿಂದ ಬರಬೇಕಾಗಿಲ್ಲ ಎಂದರು ಆಫೀಸಿನವರು, ಎರಡು ತಿಂಗಳಾಯಿತು, ಈಗ ಪೇಪರಿನಲ್ಲಿ ಅವನ ಹೆಸರು ಹಾಕಿದರೆ ಆ ದೂರೂ ಹೊರಗೆ ಬರುತ್ತದೆ, ಹಾಕದಿದ್ದರೆ ಕಳ್ಳತನ, ಕಳ್ಳತನವಲ್ಲದೆ ಇನ್ನೇನು — ಸಿದ್ದಕಟ್ಟೆ, ಸಿದ್ದಕಟ್ಟೆ ಯಾರುಂಟು, ಬೇಗ ಇಳೀರಿ, ಕೂಸಪ್ಪನ ಮನೆ ಇಲ್ಲೇ, ಅಂಗಡಿಯ ಹಿಂದೆ, ಇಳಿದು ಹೇಳಬೇಕು, ನೀವು ಮಾಡಿದ್ದೇ ಸರಿ ಕೂಸಪ್ಪಣ್ಣ, ತಪ್ಪು ನನ್ನದು, ಎರಡೇ ಮಾತು, ಏಳು ಫಾಹಿಮಾ, ಏಳು, ಕಾಲು ಏಳುವುದಿಲ್ಲ, ನಾಚಿಕೆ, ಸುಸ್ತಿಗಿಂತ ಭಾರದ ನಾಚಿಕೆ, ರೈಟ್ ಎಂದ ಕಂಡಕ್ಟರ್, ಬಸ್ಸು ಬಂಟ್ವಾಳದ ಕಡೆಗೆ ಹೊರಟೇಬಿಟ್ಟಿತು, ಆ ದಿನ ಎಲ್ಲರೆದುರು ಅವಳು ಕಿರುಚಿದಾಗ ಅವನು ಬಿಲ್ಲೆಯೊಂದನ್ನು ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸಿದ, ಬೆಳಕಿಗೆ ಹಿಡಿದು ನೋಡಿದ, ಬೆಳ್ಳಗಾಗಲಿಲ್ಲ, ಎಂಜಲು ಹಚ್ಚಿ ಒರೆಸಿದ, ನೋಡಿದ, ಒರೆಸುತ್ತಿದ್ದಾನೆ, ಈಗಲೂ ಒರೆಸುತ್ತಿದ್ದಾನೆ