ಮೊಣಕೈ ಎತ್ತರ

ಬಗ್ಗಿದ ಮೊಳೆಯೊಂದನ್ನು ಒರಳಿನ ಅಂಚಿಗೆ ಆನಿಸಿ ಮಹಾದೇವಕ್ಕ ಗುಂಡುಕಲ್ಲಿನಿಂದ ಮೆಲ್ಲಗೆ ಬಡಿಯುತ್ತಿದ್ದಳು. ನೆಟ್ಟಗಾದವು ಬುಟ್ಟಿಗೆ, ಜಂಗು ತಿಂದು ಮುರಿದವು ಪಕ್ಕದ ತಗಡಿಗೆ. ಅಂಗಳದಲ್ಲಿ ಗಂಡ ಕರಬಸಪ್ಪ ತನ್ನ ಚಕ್ಕಡಿಯನ್ನು ತಾನೇ ಬಿಚ್ಚುತ್ತಿದ್ದ. ಎತ್ತುಗಳು ಹೋದ ಮೇಲೆ ಅದು ಗೋಡೆಗೆ ಒರಗಿ ನಿಂತು ಕೋಳಿಗಳಿಗೆ ನೆರಳಾಗಿತ್ತು. ಒಂದೊಂದು ಹಲಗೆ ಕೀಳುವಾಗಲೂ ಅದು ಕಿರ್ರೆಂದು ನರಳುತ್ತಿತ್ತು. ಆಕೆ ತಲೆ ಎತ್ತಲಿಲ್ಲ.

"ಒಂದ್ ಗಳಿಗಿ ಕುಂದರ್ರಿ. ನಸುಕಿನ್ಯಾಗ ಎದ್ದಾವ್ರು ನೀವು."

"ಕುಂತ್ರ ಮತ್ತ ಏಳಾಕ ಆಗಂಗಿಲ್ಲ," ಎಂದ ಕರಬಸಪ್ಪ.

ಅದು ಸುಳ್ಳಲ್ಲ. ಲಡಾಯಿ ಶುರುವಾಗಿ ಪೆಟ್ರೋಲಿಗೆ ಬರ ಬಂದ ಮೇಲೆ ಅಕ್ಕಿಆಲೂರಿನ ಕುಬೇರಪ್ಪ ಸಾವಕಾರರ ಮೋಟಾರು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಕೋಳಿ ಕೂಗುವ ಮೊದಲೇ ಹೋಗಿ ಹಿಂದಿನ ಡಬ್ಬಿಗೆ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ರಟ್ಟೆ ಬೀಳುವ ತನಕ ಪಂಕ ತಿರುಗಿಸುವುದು ಕರಬಸಪ್ಪನ ಕೆಲಸ. ಒಂದು ಕಾಲಕ್ಕೆ ಹಾವೇರಿ ಸ್ಟೇಶನ್ನಿಗೆ ಅಕ್ಕಿಯ ಚೀಲ ಹೇರಿಕೊಂಡು ಹೋಗುವ ಚಕ್ಕಡಿಗಳಲ್ಲಿ ಅವನದೇ ಮುಂದು. ಆಗ ಆ ಬಾಡಿಗೆ ಕಸಿಯಲು ಬಂದ ಮೋಟಾರೆಂದರೆ ಅವನು ನೆಲಕ್ಕೆ ಉಗುಳುತ್ತಿದ್ದ.

ಆ ಮೋಟಾರಿಗೇ ಅವನ ತಮ್ಮ ಚನ್ನವೀರಪ್ಪ ಕ್ಲೀನರ್ ಆಗಿ ಸೇರಿಕೊಂಡಿದ್ದ. ಮಹಾದೇವಕ್ಕ ಮದುವೆಯಾಗಿ ಬಂದಾಗ ಚನ್ನವೀರ ತಾಯಿಯಿಲ್ಲದ ಕೂಸು. ಆಕೆಯ ಸೆರಗು ಕಚ್ಚಿಕೊಂಡೇ ಬೆಳೆದವನು. ಆಕೆಯ ಹೊಟ್ಟೆಯಲ್ಲಿ ಬೇರೆ ಕೂಸು ಮೂಡಲೂ ಇಲ್ಲ. ಒಂದು ದಿನ ಹಾನಗಲ್ಲ ದಾರಿಯಲ್ಲಿ ಎದುರಾದ ಮೋಟಾರನ್ನು ಅಡ್ಡಗಟ್ಟಿ ಕರಬಸಪ್ಪ ತಮ್ಮನನ್ನು ಕೆಳಗೆಳೆದು, ಮಂದಿಯೆಲ್ಲ ನೋಡುತ್ತಿದ್ದಂತೆ, ಎತ್ತಿಗೂ ಬೀಸದ ಬಾರಕೋಲನ್ನು ಅವನ ಬೆನ್ನಿಗೆ ಬೀಸಿದ. ಹುಡುಗ ಆ ರಾತ್ರಿ ಮನೆಗೆ ಬರಲಿಲ್ಲ. ಪುಣೆಯಲ್ಲಿ ಮೋಟಾರು ಮಿಸ್ತ್ರಿಯಾಗಿದ್ದಾನೆಂದು ತಿಳಿದದ್ದು ಆಮೇಲೆ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಎಲ್ಲದರ ಕೊನೆಗೂ ಒಂದೇ ಮಾತು: ಅತ್ತಿಗಿ, ಬರ್ಲೇನು?

ಉತ್ತರ ಹೋಗಿರಲಿಲ್ಲ. ಮೊದಮೊದಲು ಕರಬಸಪ್ಪನಿಗೆ ಸಿಟ್ಟು. ಸಿಟ್ಟು ಆರಿದ ಮೇಲೆ ಹೊಟ್ಟೆಪಾಡಿಗೆ ತಾನೇ ಮೋಟಾರಿನ ಶೆಡ್ಡು ಸೇರಿದ್ದ. "ಯಾವ ಮಾರಿ ಇಟ್ಕೊಂಡು ಬರಸ್ಲಿ?" ಎಂದು ಗೋಡೆ ಕಡೆ ಹೊರಳಿ ಮಲಗುತ್ತಿದ್ದ. ಅವನನ್ನು ದಾಟಿ ತಾನೊಂದು ಕಾರ್ಡು ಬರೆಸಿ ಹಾಕುವ ಧೈರ್ಯ ಮಹಾದೇವಕ್ಕನಿಗೂ ಬರಲಿಲ್ಲ. ಅಣ್ಣ ಕರೆಯದ ಮನೆಗೆ ಹುಡುಗ ಬಂದಾದರೂ ಎಲ್ಲಿ ನಿಂತಾನು?

ಈಗ ಮೋಟಾರು ದಿನ ಬಿಟ್ಟು ದಿನ ನಿಲ್ಲುತ್ತಿತ್ತು. ಇಂಜಿನ್ನು ಬಿಚ್ಚಿ ನೆಲಕ್ಕಿಟ್ಟರೆ ತಿರುಪುಗಳು ಮಣ್ಣಲ್ಲಿ ಮಾಯ. "ಮೊದಲ ಒಂದ್ ಗಟ್ಟಿ ಮೇಜು ಆಗ್ಲಿ," ಎಂದಿದ್ದರು ಸಾವಕಾರರು. "ಆಮ್ಯಾಲೆ ನಿನ್ನ ತಮ್ಮನ್ನ ಕರಸು. ಇಲ್ಲಂದ್ರ ಈ ಮೋಟಾರು ಮಾರಿಬಿಡತೇನಿ ನೋಡು." ಮೇಜಿಗೆ ಕಟ್ಟಿಗೆಯೆಲ್ಲಿ? ಸಾಗವಾನಿಯೆಲ್ಲ ಲಡಾಯಿಗೆ ಹೋಗುತ್ತಿತ್ತು. ಹಾಳುಬಿದ್ದ ಬಾವಿಯ ಮತ್ತಿಮರದ ಕಂಬಗಳು, ಈ ಚಕ್ಕಡಿ, ಹಳೆ ಮೊಳೆ. ಇದ್ದದ್ದರಲ್ಲೇ ಆಗಬೇಕು.

ನೊಗವನ್ನು ಮಾತ್ರ ಕರಬಸಪ್ಪ ಮುಟ್ಟಲಿಲ್ಲ. ಬಸವಣ್ಣನ ಹೆಗಲ ಮೇಲಿದ್ದದ್ದಕ್ಕೆ ಸುತ್ತಿಗೆ ಏಟು ಬೀಳಬಾರದೆಂದು ಅಟ್ಟಕ್ಕೇರಿಸಿದ.

ಮೇಜು ಮುಗಿದ ದಿನ ಮಹಾದೇವಕ್ಕ ಬುತ್ತಿ ತೆಗೆದುಕೊಂಡು ಶೆಡ್ಡಿಗೆ ಹೋದಳು. ಬಾವಿಯ ಕಂಬಗಳೇ ಕಾಲು, ಚಕ್ಕಡಿಯ ಹಲಗೆಗಳೇ ಮೈ. ಕರಬಸಪ್ಪ ಅದರ ಮೇಲೆ ಹತ್ತಿ ಕುಣಿದು ತೋರಿಸಿದ. ಎಳ್ಳಷ್ಟೂ ಅಲುಗಲಿಲ್ಲ. ಡ್ರೈವರ್ ಕರೀಮಸಾಬ ಸುತ್ತ ಒಂದು ಸುತ್ತು ಬಂದು ಗಡ್ಡ ಕೆರೆದುಕೊಂಡ.

"ಕರಬಸಣ್ಣಾರ, ಇದ್ಯಾಕ ಮೊಣಕಾಲಿಗೇ ನಿಂತೇತಲ್ಲ! ಮೇಜು ಮಾಡೀರೋ, ಬಾಣಂತಿ ಮಲಗೋ ಹೊರಸೋ?"

"ಯಾಕ? ಮುಂದ ಮಣಿ ಹಾಕ್ಕೊಂಡು ಕುಂತ್ರ ಸರಿ ಆಕ್ಕೇತಿ."

"ಕುಂತು ಯಾರ್ರೀ ಇಂಜಿನ್ ಬಿಚ್ಚತಾರ! ಮಿಸ್ತ್ರಿ ನಿಂತ್ಕೊಂಡ ಕೆಲಸ ಮಾಡಾವ. ಹುಬ್ಬಳ್ಳ್ಯಾಗ ನೋಡೇನಿ ನಾ. ಮೇಜು ಅಂದ್ರ ಮೊಣಕೈ ಮಟ್ಟಕ್ಕ ಇರಬೇಕು. ತಗ್ಗಾದ್ರ ನಡಾ ಹೋತು, ಎತ್ತರಾದ್ರ ಹೆಗಲ ಹೋತು."

ಸಾವಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕರಬಸಪ್ಪ ನಗಲಿಲ್ಲ. ಅವನು ಕಂಡ ಬಡಿಗ, ಅಕ್ಕಸಾಲಿಗ, ಸಮಗಾರ, ಎಲ್ಲರೂ ಕೂತು ದುಡಿಯುವವರೇ. ನಿಂತು ಮಾಡುವುದು ಕೂಲಿ, ಕೂತು ಮಾಡುವುದು ಕಸುಬು. ಅವನ ತಲೆಯಲ್ಲಿ ಇದ್ದದ್ದು ಅಷ್ಟೇ. ಮೇಜಿನ ಅಂಚಿಗೆ ಕೂತು ಅಂಗೈಯಿಂದ ಹಲಗೆಯನ್ನು ಒಂದೆರಡು ಸಲ ಸವರಿದ.

"ತುಂಡು ಕೂಡಿಸಿ ಕಾಲು ಉದ್ದ ಮಾಡ್ರಿ," ಎಂದರು ಸಾವಕಾರರು.

"ತೇಪಿ ಹಾಕಿದ ಕಾಲಿಗೆ ಇಂಜಿನ್ ತಡೀತೇತೇನ್ರಿ? ಚಕ್ಕಡಿಯ ಉದ್ದನ ಮೂಕಿ ಗಳ ಎರಡು ಅದಾವು, ಜಾಲಿ ಕಟ್ಟಿಗಿ. ಅವನ್ನ ಕೊಯ್ದ್ರ ನಾಕು ಕಾಲು ಆಕ್ಕಾವು. ಆದ್ರ ಒಮ್ಮಿ ಕೊಯ್ದ್ರ ಕೊಯ್ದಂಗ. ತಪ್ಪಿದ್ರ ಮತ್ತ ಕಟ್ಟಿಗಿ ಇಲ್ಲ." ಕರಬಸಪ್ಪ ತಲೆ ಎತ್ತಿ ಕೇಳಿದ: "ಯಾರ ಮೊಣಕೈ ಅಳೀಲಿ?"

"ಯಾರು ಕೆಲಸ ಮಾಡತಾನೋ ಅವಂದು," ಎಂದ ಕರೀಮಸಾಬ.

ಸಾವಕಾರರು ಎಲೆಯಡಿಕೆಯ ಚೀಲ ಬಿಚ್ಚಿದರು. ಕರಬಸಪ್ಪ ಹೆಂಡತಿಯ ಕಡೆ ತಿರುಗಿದ.

"ಹುಡುಗ ನಿನಗ ಎಲ್ಲಿ ಮಟ ಬರ್ತಿದ್ದ?"

ಅಷ್ಟು ವರ್ಷಗಳಲ್ಲಿ ಅವನು ತಾನಾಗಿ ಹುಡುಗನ ಸುದ್ದಿ ತೆಗೆದದ್ದು ಅದೇ ಮೊದಲು. ಮಹಾದೇವಕ್ಕ ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಅಲ್ಲೇ ನಿಂತಳು. ಕೈ ಎತ್ತಿ ಕಿವಿಯ ಹತ್ತಿರ ಹಿಡಿದಳು, ಮತ್ತೆ ಇನ್ನಷ್ಟು ಮೇಲಕ್ಕೆ ಒಯ್ದಳು. ಆಮೇಲೆ ಇಳಿಸಿಬಿಟ್ಟಳು.

"ಆಗಿಂದು ಗೊತ್ತು. ಈಗಿಂದು ನನಗೇನ ಗೊತ್ರಿ?"

ಕರಬಸಪ್ಪ ಬುತ್ತಿಯನ್ನು ಮುಟ್ಟದೇ ಎದ್ದ. "ನಡಿ," ಎಂದ.

ಟಪಾಲು ನೋಡಿಕೊಳ್ಳುತ್ತಿದ್ದವರು ಸಾಲಿ ಮಾಸ್ತರ ಜಯತೀರ್ಥರು. ಕಟ್ಟೆಯ ಮೇಲೆ ಕೂತು ಕಾರ್ಡು ತೊಡೆಗಿಟ್ಟುಕೊಂಡು, ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು.

"ಹೇಳ್ರಿ. ಏನ ಬರೀಲಿ?"

"ಚನ್ನವೀರಗ," ಎಂದ ಕರಬಸಪ್ಪ. "ನಿಂತಾಗ ನಿನ್ನ ಮೊಣಕೈ ನೆಲದಿಂದ ಎಷ್ಟ ಎತ್ತರ ಐತಿ, ತಿಳಸು."

ಮಾಸ್ತರರ ಲೇಖನಿ ಮಸಿಕುಡಿಕೆಯಲ್ಲೇ ನಿಂತಿತು. "ಕ್ಷೇಮ ಸಮಾಚಾರ?"

"ಅದೆಲ್ಲ ಇರ್ಲಿ ಬಿಡ್ರಿ."

"ಇಷ್ಟ ಏನಪಾ? ಕಾರ್ಡಿನ್ಯಾಗ ಇನ್ನೂ ಭಾಳ ಜಾಗಾ ಅದ." ಬರೆದು ಮುಗಿಸಿ ಕೇಳಿದರು: "ಗೇಣಿನ ಲೆಕ್ಕ ತಿಳಸಬೇಕೋ, ಇಂಚಿಂದೋ?"

"ಅವನ ಗೇಣ ಬ್ಯಾರೆ, ನನ್ನ ಗೇಣ ಬ್ಯಾರೆ. ಇಂಚಿನ ಪಟ್ಟಿ ನನಗ ಓದಾಕ ಬರಂಗಿಲ್ಲ." ಕರಬಸಪ್ಪ ಯೋಚಿಸಿದ. "ಒಂದ್ ದಾರ ಅಳದು ಲಕೋಟಿನ್ಯಾಗ ಹಾಕಿ ಕಳಸು ಅಂತ ಬರೀರಿ."

ಮಹಾದೇವಕ್ಕ ಕಂಬಕ್ಕೆ ಒರಗಿ ನಿಂತಿದ್ದಳು.

"ದಾರ ಹಿಗ್ಗತೇತಿ," ಎಂದಳು.

ಕರಬಸಪ್ಪ ತಿರುಗಿ ನೋಡಿದ.

"ಎಳದ್ರ ಹಿಗ್ಗತೇತಿ, ತ್ಯಾವ ತಾಗಿದ್ರ ಕುಗ್ಗತೇತಿ. ಒಮ್ಮಿ ಕೊಯ್ದ್ರ ಕೊಯ್ದಂಗ ಅಂದ್ರಿ. ದಾರ ನಂಬಿ ಕೊಯ್ತೀರೇನು?"

ಮಾಸ್ತರರು ಕಾಯ್ದರು. ಹೊರಗೆ ಯಾರದೋ ಚಕ್ಕಡಿ ಹೋಯಿತು. ಅದರ ಸದ್ದು ಊರ ಅಗಸಿಯಾಚೆ ಕಳೆದುಹೋಗುವ ತನಕ ಕರಬಸಪ್ಪ ತನ್ನ ಅಂಗೈಗಳನ್ನು ನೋಡುತ್ತ ನಿಂತ. ಇದ್ದಿಲ ಕರಿ ಗೆರೆಗೆರೆಯಲ್ಲೂ ಇಳಿದಿತ್ತು.

"ದಾರದ ಮಾತು ಬ್ಯಾಡ್ರಿ," ಎಂದ. ದನಿ ತಗ್ಗಿತ್ತು. "ಇಲ್ಲೇ ಬಂದು ನಿಂದ್ರು, ಅಳೀತೇನಿ ಅಂತ ಬರೀರಿ."

ಮಾಸ್ತರರು ಬರೆದರು. ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಸಿ ಬೇಕಾಗಲಿಲ್ಲ. ಪುಣೆಯ ವಿಳಾಸವನ್ನು ಮಹಾದೇವಕ್ಕ ಬಾಯಿಪಾಠ ಒಪ್ಪಿಸಿದಳು, ಪೇಟೆ, ಓಣಿ, ಮನೆ ಮಾಲಕನ ಹೆಸರು ಸಮೇತ. ಕರಬಸಪ್ಪ ಬೆರಗಾಗಿ ಆಕೆಯನ್ನು ನೋಡಿದ.

ಟಪಾಲಿನ ಠಸ್ಸೆ ಬಿತ್ತು. ಕಾರ್ಡು ಚೀಲಕ್ಕಿಳಿಯಿತು. ಮಾಸ್ತರರು ಚೀಲದ ಬಾಯಿಗೆ ಹುರಿ ಬಿಗಿದು, ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದರು. ಗಂಟಿನ ಮೇಲೆ ಕೆಂಪು ಹನಿಗಳು ಒಂದರ ಮೇಲೊಂದು ಬಿದ್ದವು. ಮುದ್ರೆ ಒತ್ತಿ ಆದ ಮೇಲೂ ಇಬ್ಬರೂ ಕದಲಲಿಲ್ಲ. ಅರಗು ಮೆಲ್ಲಗೆ ಮಿರುಗು ಕಳೆದುಕೊಂಡು ಗಟ್ಟಿಯಾಗುವುದನ್ನು ನೋಡುತ್ತ ಅಲ್ಲೇ ನಿಂತರು.